ಕಾವಲಿ ಮೇಲಿನ ನೀರಹನಿ, ಮಾವನ ದೀಪಾವಳಿ ಫೋಟೋ, ದೊಡ್ಡಪ್ಪನ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಇಷ್ಟನ್ನೆಲ್ಲ ಟೈಪ್ ಮಾಡುತ್ತಾ ಕೂತರೆ ರಾತ್ರಿಯಾಗುತ್ತದೆ, ಅದಕ್ಕೇ ಮಾತಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಪುರುಸೊತ್ತಿಲ್ಲದವರು ಸ್ಪೀಡ್ ಜಾಸ್ತಿ ಮಾಡಿಕೊಂಡು ಕೇಳಿ, ನನಗೇನೂ ಬೇಜಾರಿಲ್ಲ.

ಮಾವ, ನೀವು ನಿನ್ನೆ ಹೇಳಿದ್ದು ಸರಿ. ಗುಡ್ ಮಾರ್ನಿಂಗ್ ಗುಲಾಬಿ, ಗುಡ್ ನೈಟ್ ಚಂದ್ರ ನೋಡಿ ನೋಡಿ ಸಾಕಾಗಿದೆ, ನೆಟ್ಟಿನಲ್ಲಿ ಸಿಕ್ಕ ತಮಾಷೆ ಏನಾದರೂ ಹಾಕಿ ಅಂದಿರಿ. ಅಂದಿದ್ದೇ ತಡ, ಗ್ರೂಪು ತುಂಬಿಹೋಯಿತು. ಪುಟ್ಟಿ ಬಿಸಿ ಕಾವಲಿಯ ಮೇಲೆ ನೀರಹನಿ ಗೋಲಿಯ ಹಾಗೆ ಉರುಳಾಡುವ ವಿಡಿಯೋ ಹಾಕಿದಳು. ಚಿಕ್ಕಮ್ಮ ಪೆನ್ನಿನ ಕ್ಯಾಪಿನ ತೂತಿನ ಫೋಟೋ ಹಾಕಿ, ಇದು ಶಾಯಿ ಒಣಗದಿರಲಿ ಅಂತ ಇಟ್ಟದ್ದು ಅಂದರು. ನೀವು ದೀಪಾವಳಿ ರಾತ್ರಿ ಆಕಾಶದಿಂದ ತೆಗೆದದ್ದು ಅಂತ ಭಾರತದ ಬಣ್ಣದ ಫೋಟೋ ಹಾಕಿದಿರಿ. ಕೊನೆಗೆ ದೊಡ್ಡಪ್ಪ ಬಂದು "ಇದರಿಂದೆಲ್ಲ ಯಾರಿಗೇನು ಉಪಯೋಗ?" ಅಂತ ಒಂದೇ ಸಾಲು ಬರೆದು ಹೋದರು. ಒಬ್ಬೊಬ್ಬರಿಗೇ ಉತ್ತರ ಕೊಡುತ್ತೇನೆ.

ಮೊದಲು ಪುಟ್ಟಿ. ನೀನು ಕಳಿಸಿದ ವಿಡಿಯೋದಲ್ಲಿ ಮೋಸ ಇಲ್ಲ ಕಣೇ. ಇದು ನಿನ್ನ ಅಜ್ಜಿ ದಿನಾ ಬೆಳಿಗ್ಗೆ ಮಾಡುವ ಕೆಲಸವೇ. ಕಾವಲಿ ಕಾದಿದೆಯಾ ಅಂತ ನೋಡಲು ಕೈ ಅದ್ದಿ ನೀರು ಚಿಮುಕಿಸುತ್ತಾರಲ್ಲ, ಆಗ ಬಗ್ಗಿ ನೋಡು. ಕಾವಲಿ ಸುಮಾರಾಗಿ ಕಾದಿದ್ದರೆ ನೀರು ಬಿದ್ದಲ್ಲೇ ಅಂಟಿಕೊಂಡು ಚುರ್ ಅಂತ ಆರಿಹೋಗುತ್ತದೆ. ಇನ್ನೂ ಜಾಸ್ತಿ ಕಾದು ಇನ್ನೂರು ಡಿಗ್ರಿಯ ಆಸುಪಾಸಿಗೆ ಬಂದರೆ ಹನಿ ದುಂಡಗಾಗುತ್ತದೆ, ಅತ್ತಿತ್ತ ಓಡುತ್ತದೆ, ಬೇಗ ಆರುವುದೂ ಇಲ್ಲ. ಬಿಸಿ ಹೆಚ್ಚಾದ ಮೇಲೆ ನೀರು ಬೇಗ ಆರಬೇಕಲ್ವಾ? ಇಲ್ಲಿ ಉಲ್ಟಾ. ಹನಿ ಕಾವಲಿಯನ್ನು ಮುಟ್ಟುವ ಹೊತ್ತಿಗೆ ಅದರ ತಳ ಆವಿಯಾಗಿ ಒಂದು ತೆಳು ಪದರ ಆಗಿರುತ್ತದೆ. ಹನಿ ಆ ಆವಿಯ ಮೇಲೆ ತೇಲುತ್ತದೆ. ಆವಿಯಲ್ಲಿ ಶಾಖ ಸಲೀಸಾಗಿ ಹಾಯುವುದಿಲ್ಲ, ಹಾಗಾಗಿ ಹನಿ ಉಳಿದುಕೊಳ್ಳುತ್ತದೆ.

ಇದನ್ನು ಕೂತು ಗಮನಿಸಿ ಬರೆದಿಟ್ಟವನು ಲೈಡನ್‌ಫ್ರಾಸ್ಟ್ ಅಂತ ಜರ್ಮನಿಯ ಒಬ್ಬ ಡಾಕ್ಟರು, 1756ರಲ್ಲಿ. ಅವನ ಹತ್ತಿರ ದೋಸೆ ಕಾವಲಿ ಎಲ್ಲಿಂದ ಬರಬೇಕು, ಕಬ್ಬಿಣದ ಸೌಟನ್ನು ಕೆಂಪಗೆ ಕಾಯಿಸಿ ಅದಕ್ಕೆ ಒಂದೊಂದೇ ಹನಿ ನೀರು ಬಿಟ್ಟು ಎಷ್ಟು ಹೊತ್ತು ಉಳಿಯುತ್ತದೆ ಅಂತ ಲೆಕ್ಕ ಹಾಕಿದ. ಮೊದಲ ಹನಿ ಅರ್ಧ ನಿಮಿಷದ ಆಸುಪಾಸು ಉಳಿಯಿತು. ಸೌಟು ಆರುತ್ತಾ ಬಂದ ಹಾಗೆ ಮುಂದಿನ ಹನಿಗಳು ಬೇಗ ಬೇಗ ಮಾಯವಾದವು. ಇವತ್ತಿಗೂ ಪುಸ್ತಕಗಳಲ್ಲಿ ಇದಕ್ಕೆ ಅವನದೇ ಹೆಸರು. ನಮ್ಮ ಅಜ್ಜಿಯರು ಹೆಸರಿಡದೆ ಬಿಟ್ಟರು, ಏನು ಮಾಡೋದು. ಆದರೆ ಅಜ್ಜಿಗೆ ಆ ಡಾಕ್ಟರಿಗಿಂತ ಒಂದು ವಿಷಯ ಜಾಸ್ತಿ ಗೊತ್ತು. ಹನಿ ಹಾಗೆ ಉರುಳಿದರೆ ಕಾವಲಿ ದೋಸೆಗೆ ಅತಿಯಾಗಿ ಕಾದಿದೆ ಅಂತ ಅರ್ಥ. ಈಗ ಹಿಟ್ಟು ಹಾಕಿದರೆ ಹರಡುವ ಮೊದಲೇ ಗಟ್ಟಿಯಾಗಿ ಸೌಟಿನ ಜೊತೆ ಎದ್ದು ಬರುತ್ತದೆ. ಅದಕ್ಕೇ ಉರಿ ತಗ್ಗಿಸಿ, ಇನ್ನಷ್ಟು ನೀರು ಚಿಮುಕಿಸಿ, ಈರುಳ್ಳಿ ಹೋಳಿನಿಂದ ಉಜ್ಜಿ ಆಮೇಲೆ ಹುಯ್ಯುವುದು. ನೀನು ಮಾಡಿ ನೋಡುವುದಾದರೆ ಕಬ್ಬಿಣದ ಕಾವಲಿಯಲ್ಲೇ ಮಾಡು, ಅಜ್ಜಿ ಪಕ್ಕದಲ್ಲಿರಲಿ. ನಾನ್‌ಸ್ಟಿಕ್ ತವಾ ಖಾಲಿ ಕಾಯಿಸಬೇಡ, ಅದರ ಲೇಪ ಹಾಳಾಗುತ್ತದೆ. ನಿನ್ನ ಅಮ್ಮನಿಂದ ನನಗೂ ಬೈಗುಳ ಬೀಳುತ್ತದೆ.

ಮಾವ, ಈಗ ನಿಮ್ಮ ಫೋಟೋ. ಹೇಳಿದರೆ ತಪ್ಪು ತಿಳಿಯಬೇಡಿ, ಅದು ದೀಪಾವಳಿ ರಾತ್ರಿಯದಲ್ಲ. ಪ್ರತಿ ವರ್ಷ ಹಬ್ಬದ ವಾರ ಬಂದೇ ಬರುತ್ತದೆ ಅದು, ಈ ಸಲ ನಮ್ಮ ಗ್ರೂಪಿಗೆ ನಿಮ್ಮ ಕೈಯಿಂದ ಬಂತು, ಅಷ್ಟೇ. ಅಮೆರಿಕದ ಹವಾಮಾನ ಉಪಗ್ರಹಗಳು ಬೇರೆ ಬೇರೆ ವರ್ಷ ತೆಗೆದ ಚಿತ್ರಗಳನ್ನು ಸೇರಿಸಿ, ಅಲ್ಲಿನ ಹವಾಮಾನ ಸಂಸ್ಥೆ ನೋವಾದ ಕ್ರಿಸ್ ಎಲ್ವಿಡ್ಜ್ ಎಂಬ ವಿಜ್ಞಾನಿ 2003ರಲ್ಲಿ ಮಾಡಿದ ನಕ್ಷೆ ಅದು. ಅದರಲ್ಲಿರುವ ಬಣ್ಣ ಪಟಾಕಿಯದಲ್ಲ. ಬಿಳಿ ಇರುವ ಕಡೆ 1992ಕ್ಕಿಂತ ಮೊದಲೇ ದೀಪ ಕಾಣುತ್ತಿತ್ತು. ನೀಲಿ 1992ರಲ್ಲಿ ಕಂಡದ್ದು, ಹಸಿರು 1998ರಲ್ಲಿ, ಕೆಂಪು 2003ರಲ್ಲಿ. ಊರುಗಳು ಹೇಗೆ ಬೆಳೆದವು ಅಂತ ತೋರಿಸಲು ಮಾಡಿದ್ದು.

ನಿಜವಾದ ಹಬ್ಬದ ಹೊತ್ತಿನ ಚಿತ್ರವೂ ಇದೆ. 2012ರ ನವೆಂಬರ್ 12ರ ರಾತ್ರಿ ಸುವೋಮಿ ಎನ್‌ಪಿಪಿ ಅನ್ನುವ ಉಪಗ್ರಹ ತೆಗೆದದ್ದನ್ನು ನಾಸಾದವರೇ ಹಾಕಿದ್ದಾರೆ. ಕಪ್ಪು ಬಿಳುಪು, ಯಾವುದೇ ಮಾಮೂಲಿ ರಾತ್ರಿಯ ಹಾಗೇ ಇದೆ. ಹಣತೆ, ಪಟಾಕಿಯಿಂದ ಹೆಚ್ಚಾಗುವ ಬೆಳಕು ಮೇಲಿನಿಂದ ಗೊತ್ತೇ ಆಗದಷ್ಟು ಕಮ್ಮಿ ಅಂತ ಅವರೇ ಬರೆದಿದ್ದಾರೆ. ನನ್ನ ಕೇಳಿದರೆ ನಿಮ್ಮ ಫೋಟೋದ ನಿಜವಾದ ಕಥೆಯೇ ಚೆನ್ನಾಗಿದೆ ಮಾವ. ನಮ್ಮ ಊರಿನ ಜಾಗ ಹುಡುಕಿ, ದೊಡ್ಡದು ಮಾಡಿ, ಯಾವ ಬಣ್ಣ ಬಂದಿದೆ ನೋಡಿ. ನಮ್ಮ ಕಡೆ ಲೈಟು ಬಂದ ಕಾಲದ್ದು ನಿಮಗೆ ನೆನಪಿದೆಯಲ್ಲ, ತಾಳೆ ನೋಡಬಹುದು. ಡಿಲೀಟ್ ಮಾತ್ರ ಮಾಡಬೇಡಿ, ಕೆಳಗೆ ಎರಡು ಸಾಲು ಸೇರಿಸಿದರೆ ಸಾಕು.

ಚಿಕ್ಕಮ್ಮ, ಪೆನ್ನಿನ ಕ್ಯಾಪಿನ ತೂತು ಶಾಯಿ ಒಣಗದಿರಲಿ ಅಂತ ಇಟ್ಟದ್ದಲ್ಲ. ಮಕ್ಕಳು ಕ್ಯಾಪು ನುಂಗಿ ಗಂಟಲಲ್ಲಿ ಸಿಕ್ಕಿಕೊಂಡರೂ ಒಂದಿಷ್ಟು ಉಸಿರಾಡಲಿ ಅಂತ. ಫ್ರಾನ್ಸಿನ ಬಿಕ್ ಕಂಪನಿ ತನ್ನ ಕ್ರಿಸ್ಟಲ್ ಪೆನ್ನಿನ ಕ್ಯಾಪಿಗೆ 1991ರಲ್ಲಿ ತೂತು ಮಾಡಿತು. ಆ ಪೆನ್ನಿನ ಮೈಮೇಲೆ ಇನ್ನೊಂದು ಸಣ್ಣ ತೂತು ಇರುತ್ತದಲ್ಲ, ಅದು ಬೇರೆ. ಒಳಗಿನ ಗಾಳಿಯ ಒತ್ತಡ, ಹೊರಗಿನದು ಒಂದೇ ಇರಲಿ, ಶಾಯಿ ಸರಾಗ ಇಳಿಯಲಿ ಅಂತ ಅದು. ಇಷ್ಟೇ ವಿಷಯ.

ಇನ್ನು ದೊಡ್ಡಪ್ಪ. ಉಪಯೋಗ ಏನು ಅಂತ ಕೇಳಿದಿರಿ. ಕಾಫಿ ವಿಷಯದಲ್ಲಿ ನಿಮ್ಮ ಶಿಸ್ತು ನಮಗೆಲ್ಲ ಗೊತ್ತು, ಅದಕ್ಕೇ ಇದನ್ನು ನಿಮಗಾಗಿ ಎತ್ತಿಟ್ಟಿದ್ದೇನೆ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಲ್ಯಾಬಿನಲ್ಲಿ ಟ್ರೋಜನ್ ರೂಮ್ ಅಂತ ಒಂದು ಕೋಣೆ. ಅದರ ಹತ್ತಿರ ಎಲ್ಲರಿಗೂ ಸೇರಿ ಒಂದೇ ಕಾಫಿ ಮಷೀನು. ಬೇರೆ ಮಹಡಿಯವರು ಮೆಟ್ಟಿಲು ಹತ್ತಿ ಇಳಿದು ಬಂದು ನೋಡಿದರೆ ಪಾತ್ರೆ ಖಾಲಿ! ಎಂಥ ಹೊಟ್ಟೆಯುರಿ ನೀವೇ ಹೇಳಿ. 1991ರಲ್ಲಿ ಕ್ವೆಂಟಿನ್ ಸ್ಟಾಫರ್ಡ್-ಫ್ರೇಸರ್ ಮತ್ತು ಪಾಲ್ ಜಾರ್ಡೆಟ್ಸ್ಕಿ ಅಂತ ಇಬ್ಬರು ಆ ಪಾತ್ರೆಯ ಎದುರು ಒಂದು ಕ್ಯಾಮೆರಾ ಇಟ್ಟರು. ಕೂತಲ್ಲೇ ಕಂಪ್ಯೂಟರಿನಲ್ಲಿ ಕಾಫಿ ಇದೆಯಾ ಇಲ್ಲವಾ ಅಂತ ಎಲ್ಲರಿಗೂ ಕಾಣುವ ಹಾಗಾಯಿತು. ಚಿತ್ರವೋ, ಅಂಚೆ ಚೀಟಿಯಷ್ಟು, ಅದೂ ಬಣ್ಣ ಇಲ್ಲ. 1993ರ ನವೆಂಬರಿನಲ್ಲಿ ಅದನ್ನು ಇಂಟರ್ನೆಟ್ಟಿಗೂ ಹಾಕಿದರು.

ಆಮೇಲೆ ಶುರುವಾಯಿತು ನೋಡಿ ತಮಾಷೆ. ಒಂದು ಹನಿ ಕಾಫಿಯೂ ಸಿಗದ ಜನ, ಯಾವ್ಯಾವುದೋ ದೇಶದಲ್ಲಿ ಕೂತು, ಕೇಂಬ್ರಿಜ್‌ನ ಪಾತ್ರೆ ತುಂಬಿದೆಯಾ ಅಂತ ಬಗ್ಗಿ ಬಗ್ಗಿ ನೋಡಿದರು. ಲ್ಯಾಬು ಹೊಸ ಕಟ್ಟಡಕ್ಕೆ ಹೋಗುವಾಗ, 2001ರ ಆಗಸ್ಟ್ 22ರಂದು, ಕ್ಯಾಮೆರಾ ಆಫ್ ಮಾಡಿದರು. ಆ ಹಳೇ ಮಷೀನನ್ನು ಈಬೇಯಲ್ಲಿ ಹರಾಜಿಗಿಟ್ಟರು. ಜರ್ಮನಿಯ ಸ್ಪೀಗಲ್ ಆನ್‌ಲೈನ್ ಪತ್ರಿಕೆಯವರು 3,350 ಪೌಂಡ್ ಕೊಟ್ಟು ಹೊತ್ತುಕೊಂಡು ಹೋದರು. ಈಗ ನೀವು ಗೇಟಿನ ಕ್ಯಾಮೆರಾದಲ್ಲಿ ಹಾಲಿನವನು ಬಂದನಾ ಅಂತ ಹಾಸಿಗೆಯಲ್ಲೇ ಮಲಗಿ ನೋಡುತ್ತೀರಲ್ಲ ದೊಡ್ಡಪ್ಪ, ಅದರ ಹಿರಿಯಜ್ಜ ಆ ಕಾಫಿ ಕ್ಯಾಮೆರಾ. ಜಗತ್ತಿನ ಮೊದಲ ವೆಬ್‌ಕ್ಯಾಮ್ ಅಂತ ಅದನ್ನೇ ಹೇಳುತ್ತಾರೆ. ಹುಟ್ಟಿದ್ದು ಮೆಟ್ಟಿಲು ಹತ್ತುವ ಸೋಮಾರಿತನದಿಂದ!

ನಿಮಗೆ ಇನ್ನೊಂದು. ಬ್ಯಾಂಕಿನಲ್ಲಿ ಕ್ಯಾಲ್ಕುಲೇಟರ್ ಕುಟ್ಟಿ ಕುಟ್ಟಿ ರಿಟೈರ್ ಆದವರು ನೀವು. ಈಗಲೇ ಫೋನಿನಲ್ಲಿ ನಂಬರ್ ಒತ್ತುವ ಜಾಗ ತೆಗೆಯಿರಿ, ಮೇಲಿನ ಸಾಲು 1, 2, 3. ಅದೇ ಫೋನಿನ ಕ್ಯಾಲ್ಕುಲೇಟರ್ ತೆಗೆಯಿರಿ, ಮೇಲೆ 7, 8, 9. ಒಂದೇ ಡಬ್ಬಿಯೊಳಗೆ ಎರಡು ಕಾನೂನು. ಕ್ಯಾಲ್ಕುಲೇಟರಿಗೆ ಹಳೇ ಕೂಡಿಸುವ ಯಂತ್ರಗಳಿಂದ ಬಂದ ವಾಡಿಕೆ. ಫೋನಿನದು ಅಮೆರಿಕದ ಬೆಲ್ ಲ್ಯಾಬಿನವರು ಬಟನ್ನುಗಳನ್ನು ಬೇರೆ ಬೇರೆ ಥರ ಜೋಡಿಸಿ, ಜನರ ಕೈಯಲ್ಲೇ ಒತ್ತಿಸಿ, ವೇಗ ಎಷ್ಟು, ತಪ್ಪು ಎಷ್ಟು ಅಂತ ನೋಡಿ ಆರಿಸಿದ್ದು. ಆ ಪರೀಕ್ಷೆಯ ವಿವರ 1960ರಲ್ಲಿ ಅಚ್ಚಾಯಿತು, 1963ರಲ್ಲಿ ಬಟನ್ ಫೋನು ಜನರ ಮನೆಗೆ ಬಂತು. ಇಷ್ಟು ವರ್ಷ ಎರಡನ್ನೂ ಒತ್ತಿದ್ದೀರಿ, ಬೆರಳು ಒಮ್ಮೆಯೂ ಗೊಂದಲ ಮಾಡಿಕೊಳ್ಳಲಿಲ್ಲವೇ? ಅದನ್ನು ನೀವು ಹೇಳಬೇಕು, ನಾವು ಕೇಳುತ್ತೇವೆ.

ಮುಗಿಸುತ್ತೇನೆ. ಪುಟ್ಟಿ, ರಜೆಗೆ ಒಂದು ಕೆಲಸ. ಹಿತ್ತಲಲ್ಲಿ ಮುಟ್ಟಿದರೆ ಮುನಿ ಇದೆಯಲ್ಲ, ಒಂದು ಸಣ್ಣ ಗಿಡ ಕುಂಡಕ್ಕೆ ಹಾಕು. ರಾತ್ರಿ ಅದು ಎಲೆ ಮುಚ್ಚುತ್ತದೆ, ಹಗಲು ಬಿಚ್ಚುತ್ತದೆ. ಬಿಸಿಲು ನೋಡಿ ಹಾಗೆ ಮಾಡುತ್ತದಾ? 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ಖಗೋಳ ವಿಜ್ಞಾನಿ ಇಂಥದ್ದೇ ಗಿಡವನ್ನು ಕತ್ತಲಲ್ಲಿಟ್ಟು ನೋಡಿದ. ಕತ್ತಲಲ್ಲೂ ಅದು ಹಗಲಾದಾಗ ಎಲೆ ಬಿಚ್ಚಿತು. ಗಿಡದ ಒಳಗೇ ಗಡಿಯಾರ ಇದೆ ಅನ್ನುವ ಸುಳಿವು ಮೊದಲು ಸಿಕ್ಕಿದ್ದು ಹಾಗೆ. ನೀನು ದೊಡ್ಡ ರಟ್ಟಿನ ಡಬ್ಬಿ ಮುಚ್ಚಿಡು, ಸಂದಿಯಿಂದ ಬೆಳಕು ನುಗ್ಗಬಾರದು. ಹಗಲಲ್ಲೊಮ್ಮೆ, ರಾತ್ರಿಯೊಮ್ಮೆ ಮೆತ್ತಗೆ ಎತ್ತಿ ನೋಡು. ಕೈ ತಾಗಿಸಬೇಡ, ತಾಗಿದರೆ ಗಿಡ ಮುನಿಸಿಕೊಂಡು ಲೆಕ್ಕವೇ ತಪ್ಪುತ್ತದೆ. ಕಂಡದ್ದನ್ನು ಇಲ್ಲೇ ಹಾಕು. ವಿಡಿಯೋ ಮಾತ್ರ ಉದ್ದ ಬೇಡ, ಮಾವನ ಫೋನಿನಲ್ಲಿ ಜಾಗ ಇಲ್ಲ.