ಪದಚರ್ಚೆ: ‘ನ್ಯೂ ಕ್ವಿಯರ್ ಸಿನಿಮಾ’ಕ್ಕೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

1990ರ ಆಸುಪಾಸಿನಲ್ಲಿ ಅಮೆರಿಕ ಮತ್ತು ಬ್ರಿಟನ್ನಿನಲ್ಲಿ ಬಂದ, ಲೈಂಗಿಕ ಅಲ್ಪಸಂಖ್ಯಾತರ ಬದುಕನ್ನು ಹೊಸ ಧಾಟಿಯಲ್ಲಿ ತೋರಿಸಿದ ‘ನ್ಯೂ ಕ್ವಿಯರ್ ಸಿನಿಮಾ’ ಎಂಬ ಚಿತ್ರಗಳ ಕುರಿತು ಕನ್ನಡದಲ್ಲಿ ಒಂದು ಪುಸ್ತಿಕೆ ಸಿದ್ಧವಾಗುತ್ತಿದೆ. ಜೊತೆಗೆ ಜೆನ್ನಿ ಲಿವಿಂಗ್‌ಸ್ಟನ್ ಅವರ ‘ಪ್ಯಾರಿಸ್ ಈಸ್ ಬರ್ನಿಂಗ್’ (1990) ಸಾಕ್ಷ್ಯಚಿತ್ರದ ಕೆಲವು ಭಾಗಗಳಿಗೆ ಕನ್ನಡ ಸಬ್‌ಟೈಟಲ್ ಆಗಬೇಕಿದೆ. ಕರಡಿನಲ್ಲಿ ಸದ್ಯ ‘ಹೊಸ ಸಲಿಂಗಿ ಸಿನಿಮಾ’ ಎಂದಿದೆ. ಓದಿದವರೊಬ್ಬರು ‘ನವ ಲೈಂಗಿಕ ಅಲ್ಪಸಂಖ್ಯಾತ ಸಿನಿಮಾ’ ಎಂದಾಗಲಿ ಅಂದರು. ಎರಡೂ ಸರಿಯಾಗಿ ಕೂರುತ್ತಿಲ್ಲ. ‘ಇಂಡಿಪೆಂಡೆಂಟ್ ಫಿಲ್ಮ್’ ಎಂಬುದಕ್ಕೆ ಹಾಕಿದ ‘ಸ್ವತಂತ್ರ ಚಿತ್ರ’ವೂ ಗೊಂದಲ ಮಾಡುತ್ತಿದೆ. ವಿಮರ್ಶೆಯಲ್ಲಿ ಬರುವ ‘ಕ್ಯಾಂಪ್’ ಪದವನ್ನು ಹಾಗೇ ಬಿಟ್ಟರೆ, ಊರ ಹೆಸರಲ್ಲೇ ‘ಕ್ಯಾಂಪ್’ ಇರುವ ಸಿಂಧನೂರು, ಗಂಗಾವತಿ ಕಡೆಯ ಓದುಗರು ಯಾವುದೋ ಊರೆಂದುಕೊಳ್ಳುತ್ತಾರೆ. ಸಬ್‌ಟೈಟಲ್‌ಗಳಲ್ಲಿ ‘ಹೌಸ್’, ‘ಮದರ್’, ‘ರೀಡಿಂಗ್’, ‘ಶೇಡ್’, ‘ರಿಯಲ್‌ನೆಸ್’ ಇವಕ್ಕೆ ಏನು ಮಾಡಬೇಕು? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಹೆಸರು ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ, ಅನುವಾದದ ದಾರಿ ಅಲ್ಲೇ ಸಿಗುತ್ತದೆ. ವಿಮರ್ಶಕಿ ಬಿ. ರೂಬಿ ರಿಚ್ 1992ರ ಮಾರ್ಚಿನಲ್ಲಿ ‘ವಿಲೇಜ್ ವಾಯ್ಸ್’ ಪತ್ರಿಕೆಗೆ ಒಂದು ಲೇಖನ ಬರೆದರು. ಅದೇ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ ಅದನ್ನು ‘ನ್ಯೂ ಕ್ವಿಯರ್ ಸಿನಿಮಾ’ ಎಂಬ ಹೆಸರಿನಲ್ಲಿ ಪ್ರಕಟಿಸಿತು, ಹೆಸರು ನಿಂತಿತು. ಅದರ ಹಿಂದುಮುಂದಿನ ಚಿತ್ರೋತ್ಸವಗಳಲ್ಲಿ ಸಾಲಾಗಿ ಬಂದವು: ಟಾಡ್ ಹೇನ್ಸ್ ಅವರ ‘ಪಾಯ್ಸನ್’, ಟಾಮ್ ಕೇಲಿನ್ ಅವರ ‘ಸ್ವೂನ್’, ಗ್ರೆಗ್ ಅರಾಕಿ ಅವರ ‘ದಿ ಲಿವಿಂಗ್ ಎಂಡ್’, ಡೆರೆಕ್ ಜಾರ್ಮನ್ ಅವರ ‘ಎಡ್ವರ್ಡ್ ದ ಸೆಕೆಂಡ್’. ಇವೆಲ್ಲ ಒಂದೇ ಶೈಲಿಯವಲ್ಲ ಎಂದು ರಿಚ್ ಅವರೇ ಒಪ್ಪುತ್ತಾರೆ. ಒಟ್ಟಿಗೆ ಹಿಡಿಯುವುದು ಧೋರಣೆ. ಚರಿತ್ರೆಯನ್ನು ಒಡೆದು ಮತ್ತೆ ಕಟ್ಟುವುದು, ಒಂದು ಪ್ರಕಾರದೊಳಗೆ ಇನ್ನೊಂದನ್ನು ಬೆರೆಸುವುದು, ‘ಇವರೂ ಒಳ್ಳೆಯವರೇ’ ಎಂಬ ಪ್ರಮಾಣಪತ್ರವನ್ನು ನೋಡುಗರಿಂದ ಬೇಡದಿರುವುದು.

‘ಪಾಯ್ಸನ್’ ಒಂದನ್ನೇ ಬಿಡಿಸಿ ನೋಡಿ. ಅದರಲ್ಲಿ ಮೂರು ಕಥೆಗಳಿವೆ. ಮೊದಲನೆಯದು ಟಿವಿ ವರದಿಯ ಧಾಟಿಯಲ್ಲಿದೆ: ಅಪ್ಪನನ್ನು ಕೊಂದ ಏಳು ವರ್ಷದ ಹುಡುಗ ಕಿಟಕಿಯಿಂದ ಹಾರಿ ಆಕಾಶಕ್ಕೆ ಹೋದನಂತೆ. ಎರಡನೆಯದು 1950ರ ದಶಕದ ಅಗ್ಗದ ಭಯಾನಕ ಚಿತ್ರಗಳ ಕಪ್ಪುಬಿಳುಪಿನಲ್ಲಿದೆ: ಲೈಂಗಿಕ ಚೈತನ್ಯವನ್ನು ದ್ರವವಾಗಿ ಇಳಿಸಿದ ವಿಜ್ಞಾನಿ ಅದನ್ನೇ ಕುಡಿದು, ಮೈಯೆಲ್ಲ ಹುಣ್ಣಾಗಿ ಊರಿಗೆ ಸೋಂಕು ಹಬ್ಬಿಸುವವನಾಗುತ್ತಾನೆ. ಮೂರನೆಯದು ಮಾತ್ರ, ಫ್ರೆಂಚ್ ಲೇಖಕ ಜ಼ಾನ್ ಜೆನೆಯ ಬರಹದಿಂದ ಎತ್ತಿಕೊಂಡ ಸೆರೆಮನೆಯ ಕಥೆ, ಗಂಡಸರ ನಡುವಿನ ಆಸೆಯದ್ದು. ಸೋಂಕಿತನನ್ನು ಜನ ಅಟ್ಟಾಡಿಸುವ ಎರಡನೆಯ ಕಥೆಯನ್ನು ಏಡ್ಸ್ ಕಾಲದ ಅಮೆರಿಕದಲ್ಲಿ ಕೂತು ನೋಡಿದವರಿಗೆ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಮೂರೂ ಸೇರಿ ಈ ಚಿತ್ರ ಕ್ವಿಯರ್. ‘ಸಲಿಂಗಿ ಸಿನಿಮಾ’ ಎಂದಿರೋ, ಮೂರರಲ್ಲಿ ಎರಡು ಕಥೆಗಳು ಹೆಸರಿನ ಹೊರಗೇ ಉಳಿಯುತ್ತವೆ.

‘ಸ್ವೂನ್’ ಇನ್ನೂ ಕಠಿಣ. 1924ರಲ್ಲಿ ಶಿಕಾಗೊದಲ್ಲಿ ಹುಡುಗನೊಬ್ಬನನ್ನು ಕೊಂದ ಲಿಯೊಪೋಲ್ಡ್ ಮತ್ತು ಲೋಬ್ ಎಂಬಿಬ್ಬರ ಪ್ರಕರಣ ಅದು. ಇದೇ ಪ್ರಕರಣದ ನೆರಳಿರುವ ಹಿಂದಿನ ಚಿತ್ರಗಳು, 1948ರ ‘ರೋಪ್’ ಮತ್ತು 1959ರ ‘ಕಂಪಲ್ಷನ್’, ಇಬ್ಬರ ಸಂಬಂಧವನ್ನು ಸುಳುಹಿನಲ್ಲಷ್ಟೇ ಇಟ್ಟಿದ್ದವು. ಕೇಲಿನ್ ಸಂಬಂಧವನ್ನು ನಡುಮನೆಗೆ ತಂದರು, ಕೊಲೆಯನ್ನೂ ಮರೆಮಾಚಲಿಲ್ಲ. ಹಕ್ಕಿನ ಹೋರಾಟದ ನುಡಿಗಟ್ಟನ್ನು ಇಂಥ ಚಿತ್ರಕ್ಕೆ ಅಂಟಿಸಲು ಹೋದರೆ ಬರುವ ತೊಡಕು ಇದೇ. ‘ಲೈಂಗಿಕ ಅಲ್ಪಸಂಖ್ಯಾತರು’ ಕರ್ನಾಟಕದ ಸಂಘಟನೆಗಳು ದುಡಿದು ನೆಲೆಗೊಳಿಸಿದ ಪದ. ಮನವಿಪತ್ರ, ಕಾನೂನು, ಸವಲತ್ತುಗಳ ಜಾಗದಲ್ಲಿ ಅದಕ್ಕೆ ಬಲವಿದೆ, ಗೌರವವಿದೆ. ಜನರನ್ನು ಹೇಳುವಾಗ ಅದನ್ನೇ ಬಳಸಿ. ಆದರೆ ಅದು ಜನರ ಹೆಸರು, ಸಿನಿಮಾದ ರೂಪದ ಹೆಸರಲ್ಲ.

ಇನ್ನು ‘ಕ್ವಿಯರ್’. ಇಂಗ್ಲಿಷಿನಲ್ಲಿ ಅದು ಸಲಿಂಗಿಗಳನ್ನು ಹೀಯಾಳಿಸುವ ಬೀದಿಯ ಬೈಗುಳವಾಗಿತ್ತು. 1990ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ‘ಕ್ವಿಯರ್ ನೇಷನ್’ ಸಂಘಟನೆ ಅದನ್ನು ಬೈಸಿಕೊಂಡವರ ಕೈಗೇ ಕೊಟ್ಟು ಘೋಷಣೆ ಮಾಡಿತು. ಕನ್ನಡ ಲಿಪಿಯಲ್ಲಿ ‘ಕ್ವಿಯರ್’ ಎಂದು ಬರೆದರೆ ಈ ಚುರುಕು ಇರುವುದಿಲ್ಲ, ಓದಿದವರ ಪಟ್ಟಣದ ಪದವಾಗಿ ಕೇಳಿಸುತ್ತದೆ. ಇದು ನಿಜವಾದ ನಷ್ಟ. ಹಾಗೆಂದು ನಮ್ಮ ಬೀದಿಯ ಬೈಗುಳವೊಂದನ್ನು ಆರಿಸಿ ಶೀರ್ಷಿಕೆಗೆ ಏರಿಸುವುದು ಅನುವಾದಕರಿಗೆ ಬಿಟ್ಟ ಕೆಲಸವಲ್ಲ. ಆ ಮಾತು ತಾಗಿದವರು ತಾವಾಗಿ ಎತ್ತಿಕೊಂಡಾಗ ಮಾತ್ರ ಅದು ಬದಲಾಗುತ್ತದೆ.

ಹಾಗಾಗಿ ನನ್ನ ಸಲಹೆ: ‘ಹೊಸ ಕ್ವಿಯರ್ ಸಿನಿಮಾ’. ‘ಹೊಸ’ ಕನ್ನಡವಾಗಲಿ, ‘ಕ್ವಿಯರ್’ ಇರಲಿ. ‘ಹೊಸ ಅಲೆ’ ಬೇಡವೇ ಬೇಡ, ನಮ್ಮಲ್ಲಿ ಆ ಹೆಸರು ‘ಸಂಸ್ಕಾರ’ದ (1970) ನಂತರದ ಕನ್ನಡ ಚಿತ್ರಗಳಿಗೆ ಸಂದುಹೋಗಿದೆ. ಮೊದಲ ಸಲ ಪದ ಬಂದಲ್ಲಿ ಅಡಿಟಿಪ್ಪಣಿಗೆ ತಳ್ಳದೆ ವಾಕ್ಯದೊಳಗೇ ಹೀಗೆ ಬಿಡಿಸಿ: “ಒಂದು ಕಾಲಕ್ಕೆ ಬೈಗುಳವಾಗಿದ್ದ ‘ಕ್ವಿಯರ್’ ಪದವನ್ನು, ಅದೇ ಪದದಿಂದ ಬೈಸಿಕೊಂಡವರು ತಮ್ಮ ಹೆಸರಾಗಿ ಎತ್ತಿಕೊಂಡ ಕಾಲದ ಚಿತ್ರಗಳು ಇವು.” ಬೆಂಗಳೂರಿನಲ್ಲಿ 2008ರಿಂದ ‘ಬೆಂಗಳೂರು ಕ್ವಿಯರ್ ಫಿಲ್ಮ್ ಫೆಸ್ಟಿವಲ್’ ನಡೆದುಬಂದಿದೆ, ಹಾಗಾಗಿ ಚಿತ್ರ ನೋಡುವವರಿಗೆ ಈ ಪದ ತೀರ ಹೊಸದೂ ಅಲ್ಲ.

ಉತ್ತರ 2

ಮೇಲಿನ ಉತ್ತರಕ್ಕೆ ನನ್ನ ಒಪ್ಪಿಗೆಯಿದೆ. ‘ಸ್ವತಂತ್ರ’ದ ಬಗ್ಗೆ ಒಂದಿಷ್ಟು.

ಗಾಂಧಿನಗರದ ಮಾತಿನಲ್ಲಿ ‘ಸ್ವತಂತ್ರ’ಕ್ಕೆ ಆಗಲೇ ಎರಡು ಕೆಲಸಗಳಿವೆ. ‘ಇದು ರೀಮೇಕ್ ಅಲ್ಲ, ಸ್ವತಂತ್ರ ಕಥೆ’ ಅನ್ನುತ್ತಾರೆ. ‘ಹತ್ತು ಚಿತ್ರಕ್ಕೆ ಸಹಾಯಕರಾಗಿದ್ದವರು ಈಗ ಸ್ವತಂತ್ರ ನಿರ್ದೇಶಕರಾಗುತ್ತಿದ್ದಾರೆ’ ಅನ್ನುತ್ತಾರೆ. ಕನ್ನಡದ ಓದುಗರು ‘ಸ್ವತಂತ್ರ ಚಿತ್ರ’ ಎಂದು ಓದಿದಾಗ ಮೊದಲು ನೆನಪಾಗುವುದು ಇವೇ. ನಿಮ್ಮ ಲೇಖನದಲ್ಲಿ ಅದರ ಅರ್ಥ ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳ ಹಣ ಮತ್ತು ಹಂಚಿಕೆಯ ಹೊರಗೆ ತಯಾರಾದ ಚಿತ್ರ ಎಂದು. ನಡುವೆ ಒಂದು ಪದ ಸೇರಿಸಿ ‘ಸ್ವತಂತ್ರ ನಿರ್ಮಾಣದ ಚಿತ್ರ’ ಎಂದರೆ ಯಾವುದು ಸ್ವತಂತ್ರ ಎಂಬುದು ಗೊತ್ತಾಗುತ್ತದೆ. ‘ಕಲಾತ್ಮಕ ಚಿತ್ರ’, ‘ಪರ್ಯಾಯ ಸಿನಿಮಾ’ ಎರಡನ್ನೂ ಬಿಡಿ. ಅವು ಚಿತ್ರದ ಗುಣ ಹೇಳುತ್ತವೆ, ಹಣದ ಮೂಲ ಹೇಳುವುದಿಲ್ಲ.

ಹಣದ ಮೂಲವನ್ನು ಇಲ್ಲಿ ಬಿಟ್ಟುಕೊಡಬಾರದು, ಈ ಚಿತ್ರಗಳ ಚರಿತ್ರೆ ಅರ್ಧ ಅದರಲ್ಲೇ ಇದೆ. ‘ದಿ ಲಿವಿಂಗ್ ಎಂಡ್’ ಸುಮಾರು 20,000 ಡಾಲರಿನಲ್ಲಿ ಮುಗಿದ 16 ಎಂಎಂ ಚಿತ್ರ. ಗಸ್ ವ್ಯಾನ್ ಸ್ಯಾಂಟ್ ಅವರ ‘ಮಾಲಾ ನೋಚೆ’ಗೆ ತಗುಲಿದ್ದು ಸುಮಾರು 25,000. ‘ಪಾಯ್ಸನ್’ಗೆ ಅಮೆರಿಕದ ಸರ್ಕಾರಿ ಕಲಾನಿಧಿಯಿಂದ 25,000 ಡಾಲರ್ ಬಂದಿತ್ತು, 1991ರಲ್ಲಿ ಸನ್‌ಡ್ಯಾನ್ಸ್ ಚಿತ್ರೋತ್ಸವದ ದೊಡ್ಡ ಬಹುಮಾನ ಗೆದ್ದಾಗ ಬಲಪಂಥೀಯ ಧಾರ್ಮಿಕ ಗುಂಪುಗಳು ತೆರಿಗೆ ಹಣದ ದುರ್ಬಳಕೆ ಎಂದು ಗದ್ದಲ ಎಬ್ಬಿಸಿದವು. ಷೆರಿಲ್ ಡನ್ಯೆ ಅವರ ‘ದಿ ವಾಟರ್‌ಮೆಲನ್ ವುಮನ್’ (1996) ಅದೇ ನಿಧಿಯಿಂದ ಪಡೆದ 31,500 ಡಾಲರ್ ಕೂಡ ಅಮೆರಿಕದ ಸಂಸತ್ತಿನವರೆಗೆ ಹೋಯಿತು. ಬ್ರಿಟನ್ನಿನಲ್ಲಿ ಚಾನೆಲ್ 4, ಬಿಬಿಸಿ, ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಹಣ ಕೊಟ್ಟವು. ಅಂದರೆ ‘ಸ್ವತಂತ್ರ’ ಎಂಬುದು ಸರ್ಕಾರದಿಂದ ದೂರ ಎಂದಲ್ಲ. ಕನ್ನಡದಲ್ಲಿ ‘ಖಾಸಗಿ ಚಿತ್ರ’ ಎಂದು ಯಾರಾದರೂ ತಿದ್ದಿದರೆ ದಯವಿಟ್ಟು ಒಪ್ಪಬೇಡಿ.

ಎರಡನೆಯ ಮಾತು, ಪದಗಳಿಗೂ ಕಾಲವಿದೆ. ಪುಸ್ತಿಕೆ 1990ರಿಂದ ಹಿಂದಕ್ಕೆ ಹೋದರೆ ಎಲ್ಲ ಕಡೆ ‘ಕ್ವಿಯರ್’ ಎಂದು ಸಾರಿಸಬೇಡಿ. ಬ್ರಿಟನ್ನಿನ ‘ವಿಕ್ಟಿಮ್’ (1961) ಚಿತ್ರದಲ್ಲಿ ‘ಹೋಮೊಸೆಕ್ಷುಯಲ್’ ಎಂದು ಬಾಯಿಬಿಟ್ಟು ಹೇಳಿದ್ದೇ ದೊಡ್ಡ ಸಂಗತಿಯಾಗಿತ್ತು. ಅಲ್ಲಿ ಅದು ವೈದ್ಯ, ಪೊಲೀಸ್, ವಕೀಲರ ಭಾಷೆ. ಅಲ್ಲಿ ‘ಸಲಿಂಗಕಾಮಿ’ ಎಂಬ ಬಿಗಿಯಾದ ಪದವೇ ಸರಿ, ‘ಸಲಿಂಗಪ್ರೇಮಿ’ ಎಂದು ಮೃದು ಮಾಡಿದರೆ ಆ ಕಾಲದ ಬಿಸಿ ಆರಿಹೋಗುತ್ತದೆ. ಇನ್ನೂ ಹಿಂದೆ, 1919ರಲ್ಲಿ ಬರ್ಲಿನ್ನಿನ ‘ಆಂಡರ್ಸ್ ಆಲ್ಸ್ ಡೀ ಆಂಡರ್ನ್’ ಚಿತ್ರಕ್ಕೆ ಜೊತೆಗೂಡಿದ ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ ‘ಮೂರನೆಯ ಲಿಂಗ’ ಎಂಬ ಮಾತು ಬಳಸಿದವರು. ಅದನ್ನು ‘ತೃತೀಯ ಲಿಂಗಿ’ ಎಂದು ಬರೆದುಬಿಟ್ಟರೆ ನಮ್ಮ ಓದುಗರು ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಮಾನ್ಯತೆ ಕೊಟ್ಟ 2014ರ ಸುಪ್ರೀಂ ಕೋರ್ಟ್ ತೀರ್ಪಿನ ಅರ್ಥದಲ್ಲಿ ಓದುತ್ತಾರೆ. ಹಿರ್ಷ್‌ಫೆಲ್ಡ್ ಆ ಹೆಸರಿನಡಿ ಹೆಚ್ಚಾಗಿ ಹೇಳುತ್ತಿದ್ದದ್ದು ಸಲಿಂಗ ಆಸೆಯುಳ್ಳವರನ್ನು. ‘ಮೂರನೆಯ ಲಿಂಗ ಎಂದು ಹಿರ್ಷ್‌ಫೆಲ್ಡ್ ಕರೆದವರು’ ಎಂದು ಬಿಡಿಸಿ ಬರೆಯಿರಿ. ಹಾಗೆಯೇ ‘ಬೈಸೆಕ್ಷುಯಲ್’ಗೆ ‘ದ್ವಿಲಿಂಗಿ’ ಹಾಕುವಾಗ ಎಚ್ಚರ. ಸಸ್ಯಶಾಸ್ತ್ರದ ಪಾಠದಲ್ಲಿ ದಾಸವಾಳ ದ್ವಿಲಿಂಗಿ ಹೂವು, ಒಂದೇ ಹೂವಿನಲ್ಲಿ ಕೇಸರವೂ ಇದೆ, ಶಲಾಕೆಯೂ ಇದೆ. ವ್ಯಕ್ತಿಗಾದರೆ ‘ಗಂಡು ಹೆಣ್ಣು ಇಬ್ಬರತ್ತಲೂ ಒಲವಿರುವವರು’ ಎಂಬುದು ಉದ್ದವಾದರೂ ದಾರಿ ತಪ್ಪಿಸುವುದಿಲ್ಲ.

‘ಕ್ಯಾಂಪ್’ ವಿಷಯ. ಅಮೆರಿಕದ ಲೇಖಕಿ ಸೂಸನ್ ಸಾಂಟಾಗ್ 1964ರಲ್ಲಿ ಬರೆದ ಪ್ರಬಂಧದಿಂದ ಇದು ವಿಮರ್ಶೆಯ ಪದವಾಯಿತು: ಅತಿ ಅನ್ನಿಸುವ ಕೃತಕತೆಯನ್ನು ಅದರ ಅತಿಗಾಗಿಯೇ ಸವಿಯುವ ರುಚಿ. ‘ಕ್ಯಾಂಪ್ ಧಾಟಿ’, ‘ಕ್ಯಾಂಪ್ ರಸಿಕತೆ’ ಎಂದು ಜೋಡಿಪದ ಮಾಡಿ, ಊರ ಹೆಸರಿನ ಗೊಂದಲ ಅಲ್ಲಿಗೆ ಮುಗಿಯುತ್ತದೆ. ಕಂಪನಿ ನಾಟಕದ ಸ್ತ್ರೀಪಾತ್ರಧಾರಿಗಳನ್ನೋ ಯಕ್ಷಗಾನದ ಸ್ತ್ರೀವೇಷವನ್ನೋ ಉದಾಹರಣೆಗೆ ಎಳೆದು ತರಬೇಡಿ. ಅಲ್ಲಿ ಗಂಡಸು ಹೆಣ್ಣಾಗುವುದು ಕಲೆಯ ಶಿಸ್ತು, ನೋಡುಗರು ಪಾತ್ರವನ್ನು ನಂಬಬೇಕು. ಕ್ಯಾಂಪ್ ಧಾಟಿಯಲ್ಲಿ ವೇಷ ವೇಷವೆಂದು ಕಾಣುತ್ತಿರುವುದರಲ್ಲೇ ರುಚಿ.

ಉತ್ತರ 3

ಸಬ್‌ಟೈಟಲ್ ಪದಗಳಿಗೆ ಬರುತ್ತೇನೆ.

‘ಪ್ಯಾರಿಸ್ ಈಸ್ ಬರ್ನಿಂಗ್’ ನ್ಯೂಯಾರ್ಕಿನ ಕಪ್ಪು ಮತ್ತು ಲ್ಯಾಟಿನೊ ಕ್ವಿಯರ್ ಸಮುದಾಯದವರು ನಡೆಸುತ್ತಿದ್ದ ‘ಬಾಲ್’ ಎಂಬ ವೇಷ-ನಡಿಗೆಯ ಸ್ಪರ್ಧೆಗಳ ಚಿತ್ರ. ಲಬೇಜ, ಎಕ್ಸ್‌ಟ್ರಾವಗಾಂಜ಼ಾ, ನಿಂಜಾ ಮುಂತಾದ ‘ಹೌಸ್’ಗಳು ಪ್ರಶಸ್ತಿಗಾಗಿ ನಡೆದು ತೋರಿಸುತ್ತವೆ. ಇಲ್ಲಿ ಎಲ್ಲರಿಗೂ ಬರುವ ಆಸೆ ‘ಹೌಸ್’ ಅನ್ನು ‘ಘರಾಣೆ’ ಅಥವಾ (ಹಿಜ್ರಾ ಸಮುದಾಯದವರು ಕೂಡಿ ಬಾಳುವ ಮನೆಯಾದ) ‘ಹಮಾಮ್’ ಮಾಡಿ, ‘ಮದರ್’ ಅನ್ನು ‘ಗುರು’ ಮಾಡುವುದು. ದಯವಿಟ್ಟು ಬೇಡ. ನಮ್ಮ ಹಿಜ್ರಾ ಸಮುದಾಯದ ಗುರು-ಚೇಲಾ ಸಂಬಂಧದಲ್ಲಿ ಜಮಾತಿನ, ಅಂದರೆ ಸಮುದಾಯದ ಪಂಚಾಯಿತಿಯ, ಕಟ್ಟಳೆ ಇದೆ, ದಂಡವಿದೆ, ಗಳಿಕೆಯ ಪಾಲಿದೆ. ಬಾಲ್ ಮನೆಗಳಲ್ಲಿರುವುದು ಬೇರೆ: ಹೆತ್ತವರ ಮನೆಯಿಂದ ಹೊರಬಿದ್ದ ಹುಡುಗರಿಗೆ ಆಸರೆ, ಜೊತೆಗೆ ಸ್ಪರ್ಧೆಯ ತಂಡ. ‘ಹೌಸ್’ ಹಾಗೇ ಇರಲಿ ಅಥವಾ ‘ಮನೆತನ’ ಆಗಲಿ. ‘ಮದರ್’ಗೆ ಸರಳವಾಗಿ ‘ಅಮ್ಮ’.

‘ರೀಡಿಂಗ್’ ಎಂದರೆ ಎದುರಿನವರ ಒಂದೊಂದೇ ಕೊರತೆಯನ್ನು ಹುಡುಕಿ, ಮಾತಿನ ಚಾಕಚಕ್ಯತೆಯಿಂದ ಮುಖದ ಮೇಲೇ ಹೇಳುವುದು. ಇದಕ್ಕೆ ‘ಓದುವುದು’ ಎಂದು ಹಾಕಿದರೆ ಅರ್ಥ ಸತ್ತುಹೋಗುತ್ತದೆ. ‘ಜನ್ಮ ಜಾಲಾಡುವುದು’ ತಕ್ಕುದಾಗಿದೆ. ‘ಶೇಡ್’ ಅದರ ಮುಂದಿನ ಹಂತ. ಚಿತ್ರದಲ್ಲಿ ಬಾಲ್‌ಗಳ ಹಿರಿಯ ಕಲಾವಿದರಾದ ಡೋರಿಯನ್ ಕೋರಿ ವಿವರಿಸುವಂತೆ, ನೀನು ಚೆನ್ನಾಗಿಲ್ಲ ಎಂದು ಬಾಯಿಬಿಟ್ಟು ಹೇಳುವ ಅಗತ್ಯವೂ ಇಲ್ಲ, ಅದು ನಿನಗೇ ಗೊತ್ತು ಎನ್ನುವ ಭಾವ. ‘ಕೊಂಕು’ ಸಾಕು. ಎರಡನ್ನೂ ‘ಬೈಯುವುದು’ ಎಂದರೆ ಇಡೀ ದೃಶ್ಯದ ಪಾಠವೇ ಹೋಗುತ್ತದೆ, ಕೋರಿ ಅಲ್ಲಿ ಒಂದು ಹಂತದಿಂದ ಇನ್ನೊಂದಕ್ಕೆ ಏರುವುದನ್ನೇ ತೋರಿಸುತ್ತಿರುವುದು.

‘ರಿಯಲ್‌ನೆಸ್’ ಎಲ್ಲಕ್ಕಿಂತ ಕಷ್ಟ. ಆಫೀಸಿನ ಅಧಿಕಾರಿಯಂತೆಯೋ ಶಾಲಾ ಹುಡುಗನಂತೆಯೋ ಉಡುಗೆ ತೊಟ್ಟು, ಬೀದಿಯಲ್ಲಿ ಯಾರೂ ತಿರುಗಿ ನೋಡದಂತೆ, ಹೊಡೆಸಿಕೊಳ್ಳದೆ ಮನೆ ಸೇರಬಲ್ಲವರಿಗೆ ಅಂಕ. ‘ವಾಸ್ತವಿಕತೆ’ ಎಂದರೆ ಕಲಾಶೈಲಿಯ ಪದವಾಗುತ್ತದೆ. ‘ನೈಜತೆ’ಯಲ್ಲಿ ಭಯ ಇಲ್ಲ. ಮೊದಲ ಸಲ ‘ಗುರುತು ಸಿಗದಂತೆ ಬೆರೆಯುವುದು’ ಎಂದು ಹಾಕಿ, ನಂತರ ಸ್ಪರ್ಧೆಯ ವಿಭಾಗದ ಹೆಸರಾಗಿ ‘ರಿಯಲ್‌ನೆಸ್’ ಉಳಿಸಿ. ಕಪ್ಪು ಸ್ತ್ರೀವಾದಿ ಚಿಂತಕಿ ಬೆಲ್ ಹುಕ್ಸ್ ಈ ಚಿತ್ರವನ್ನು ಕಟುವಾಗಿ ಟೀಕಿಸಿದ್ದು, 1993ರಲ್ಲಿ ಲಿಂಗತ್ವದ ಚಿಂತಕರಾದ ಜೂಡಿತ್ ಬಟ್ಲರ್ ಅದಕ್ಕೆ ಪ್ರತಿಕ್ರಿಯಿಸಿದ್ದು ಬಹುಮಟ್ಟಿಗೆ ಇದೇ ಪ್ರಶ್ನೆಯ ಸುತ್ತ: ಹೀಗೆ ಬೆರೆಯುವುದು ಬಿಳಿಯರ ಸಿರಿವಂತಿಕೆಗೆ ತಲೆಬಾಗುವುದೋ, ಅದನ್ನು ಒಳಗಿನಿಂದ ಅಲುಗಿಸುವುದೋ. ಪದ ತಪ್ಪಿದರೆ ಆ ಚರ್ಚೆಯೂ ಪುಸ್ತಿಕೆಯಲ್ಲಿ ಅರ್ಥವಾಗುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದ. ‘ಹೊಸ ಕ್ವಿಯರ್ ಸಿನಿಮಾ’, ‘ಸ್ವತಂತ್ರ ನಿರ್ಮಾಣದ ಚಿತ್ರ’ ಎರಡನ್ನೂ ತೆಗೆದುಕೊಂಡಿದ್ದೇವೆ. ‘ಜನ್ಮ ಜಾಲಾಡುವುದು’ ಕೂಡ. ಒಂದು ಉಳಿಯಿತು: ಚಿತ್ರದಲ್ಲಿ ಒಬ್ಬರನ್ನೇ ಒಮ್ಮೆ ‘ಅವನು’, ಒಮ್ಮೆ ‘ಅವಳು’ ಅನ್ನುತ್ತಾರೆ. ಕನ್ನಡದಲ್ಲಿ ಕ್ರಿಯಾಪದಕ್ಕೂ ಲಿಂಗ ಬರುತ್ತದಲ್ಲ?

ಉತ್ತರ 3 ಬರೆದವರಿಂದ

ಮಾತಾಡುವವರು ಏನನ್ನುತ್ತಾರೋ ಅದನ್ನೇ ಇಡಿ, ಒಂದೇ ಮಾಡಲು ಹೋಗಬೇಡಿ. ವೀನಸ್ ಎಕ್ಸ್‌ಟ್ರಾವಗಾಂಜ಼ಾ ಬಗ್ಗೆ ಅವರ ಹೌಸಿನ ‘ಅಮ್ಮ’ ಆ್ಯಂಜಿ ‘ಶಿ’ ಅಂದಲ್ಲಿ ‘ಅವಳು’, ‘ಬಂದಳು’. ಅದು ಸಲುಗೆಯ ಅವಳು, ‘ಅವರು’ ಮಾಡಿದರೆ ಅಕ್ಕರೆ ಹೋಗುತ್ತದೆ. ಪುಸ್ತಿಕೆಯಲ್ಲಿ ನೀವೇ ಬರೆಯುವಾಗ ಮಾತ್ರ ‘ಅವರು’. ತಮ್ಮ ಬಗ್ಗೆ ತಾವೇ ಹೇಳಿಕೊಳ್ಳುವ ಕಡೆ ಕನ್ನಡ ನಿಮ್ಮ ಪರವಾಗಿದೆ, ‘ನಾನು ಬಂದೆ’, ‘ಗೆದ್ದೆ’ ಎಂಬುದರಲ್ಲಿ ಲಿಂಗವಿಲ್ಲ. ಎಡವುವುದು ‘ಗೆದ್ದವನು’, ‘ಸ್ಪರ್ಧಿಸುವವಳು’ ಎಂಬ ಜಾಗದಲ್ಲಿ. ‘ಗೆದ್ದವರು’, ‘ಸ್ಪರ್ಧಿ’ ಎಂದು ದಾಟಿ. ‘ಲವರ್’ ಎಂದು ಬಂದರೆ ‘ಪ್ರಿಯಕರ’, ‘ಪ್ರೇಯಸಿ’ ಎಂದು ಊಹಿಸದೆ ‘ಸಂಗಾತಿ’ ಅನ್ನಿ.

ಎರಡೇ ಸಾಲು, ಒಂದು ಸಬ್‌ಟೈಟಲ್ ಆರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು. ಸಾಲಿನ ನಡುವಿನ ಅಂತರವನ್ನು ಇಂಗ್ಲಿಷಿಗೆ ಇಡುವುದಕ್ಕಿಂತ ಹೆಚ್ಚಿಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಗುಲುತ್ತದೆ. ‘ಎಕ್ಸ್‌ಟ್ರಾವಗಾಂಜ಼ಾ’ ಎರಡು ಸಾಲಿಗೆ ಒಡೆಯದಂತೆ ಮೊದಲೇ ನೋಡಿಕೊಳ್ಳಿ, ಚಿತ್ರದಲ್ಲಿ ಆ ಹೆಸರು ಬಹಳ ಸಲ ಬರುತ್ತದೆ.