ನಾಕ್ಸೋಸ್ ದ್ವೀಪದಲ್ಲಿ ಎರಡೂವರೆ ತಿಂಗಳು: ಇದ್ದು ಬಂದವರು ಹೇಳಿ

ಕೇಳಿದ್ದು:

ನಮಸ್ಕಾರ. ಮಾರ್ಚ್ ಮೊದಲ ವಾರದಿಂದ ಮೇ ಮಧ್ಯದವರೆಗೆ ಗ್ರೀಸ್‌ನ ನಾಕ್ಸೋಸ್ ದ್ವೀಪದಲ್ಲಿ ಇರಬೇಕು ಅಂತಿದ್ದೇವೆ, ನಾನು ಮತ್ತು ಅಮ್ಮ. ಅಮ್ಮನಿಗೆ 64. ನಾವು ಸಸ್ಯಾಹಾರಿಗಳು. ನೋಡುವ ಜಾಗಗಳ ಪಟ್ಟಿ ಬೇಡ, ಅದು ಎಲ್ಲಾ ಕಡೆ ಸಿಗುತ್ತದೆ. ದಿನನಿತ್ಯದ ಬದುಕು ಹೇಗೆ, ಅಡುಗೆ ಹೇಗೆ, ದಿನಾ ನಡೆಯಲು ಹೋಗುವುದಕ್ಕೆ ಯಾವ ದಾರಿ ಚೆನ್ನ, ಇದನ್ನು ಅಲ್ಲಿ ಇದ್ದು ಬಂದವರು ಹೇಳಿದರೆ ಉಪಕಾರವಾಗುತ್ತದೆ.

ಹಾಲ್ಕಿಯಲ್ಲಿ ಇದ್ದವರು:

ಎರಡು ವರ್ಷದ ಹಿಂದೆ ಇದೇ ತಿಂಗಳುಗಳಲ್ಲಿ ನಾನು 80 ದಿನ ಅಲ್ಲಿದ್ದೆ, ದ್ವೀಪದ ಮಧ್ಯದಲ್ಲಿರುವ ಹಾಲ್ಕಿ ಅನ್ನುವ ಹಳ್ಳಿಯಲ್ಲಿ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಇಷ್ಟು ದಿನ ಇದ್ದೇವಲ್ಲ, ಸುತ್ತಲಿನ ದ್ವೀಪಗಳನ್ನೂ ಮುಗಿಸಿಬಿಡೋಣ ಅಂತ ಆಸೆ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ನಾಕ್ಸೋಸ್ ಸಣ್ಣದಲ್ಲ, ಸಿಕ್ಲೇಡ್ಸ್ ದ್ವೀಪಗಳಲ್ಲೆಲ್ಲ ಅದೇ ದೊಡ್ಡದು. ನಾಲ್ಕೈದು ದಾರಿ ಹಿಡಿದುಕೊಂಡು ಅವನ್ನೇ ಮತ್ತೆ ಮತ್ತೆ ನಡೆಯಿರಿ. ಮಾರ್ಚಿನಲ್ಲಿ ಹಳದಿ ಹೂವು ಮತ್ತು ಕೆಸರು ಇದ್ದ ದಾರಿಯಲ್ಲಿ ಏಪ್ರಿಲ್‌ನಲ್ಲಿ ಕೆಂಪು ಗಸಗಸೆ ಹೂವು ತುಂಬಿರುತ್ತದೆ, ಮೇ ಹೊತ್ತಿಗೆ ಎಲ್ಲಾ ಒಣಗಿ ಥೈಮ್ ಗಿಡದ ವಾಸನೆ ಮಾತ್ರ ಉಳಿದಿರುತ್ತದೆ. ಒಂದು ವಾರಕ್ಕೆ ಬಂದವರಿಗೆ ಇದು ಕಾಣಲ್ಲ.

ಮನೆ ನೋಡುವಾಗ ಹೀಟರ್ ಇದೆಯಾ ಅಂತ ಕೇಳಿ. ಗ್ರೀಸ್ ಅಂದರೆ ಬಿಸಿಲು ಅಂದುಕೊಂಡು ಹೋಗುತ್ತೇವೆ. ಆದರೆ ಮಾರ್ಚಿನಲ್ಲಿ ಆ ಕಲ್ಲಿನ ಮನೆಗಳ ಒಳಗೆ ಹೊರಗಿಗಿಂತ ಜಾಸ್ತಿ ಚಳಿ, ಗೋಡೆಗೆ ತೇವ, ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. ಅಮ್ಮನಿಗೆ ಉಣ್ಣೆಯ ಕಾಲುಚೀಲ ಮತ್ತು ಮನೆಯೊಳಗೆ ಹಾಕುವ ದಪ್ಪ ಚಪ್ಪಲಿ ಖಂಡಿತ ಇರಲಿ. ಬಿಸಿನೀರು ಮಾಳಿಗೆಯ ಸೋಲಾರ್‌ನಿಂದ ಬರುತ್ತದೆ. ಮೋಡದ ದಿನ ಕರೆಂಟಿನ ಸ್ವಿಚ್ ಹಾಕಬೇಕು. ಅದು ಬಚ್ಚಲಲ್ಲಿ ಇರುವುದಿಲ್ಲ, ಸಾಮಾನ್ಯವಾಗಿ ಫ್ಯೂಸ್ ಪೆಟ್ಟಿಗೆಯಲ್ಲಿ ಇರುತ್ತದೆ, ಮೊದಲ ದಿನವೇ ತೋರಿಸಿಕೊಳ್ಳಿ. ಕಾಗದವನ್ನು ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು. ಕೊಳವೆಗಳು ಕಿರಿದು.

ದಿನದ ಹೊತ್ತು ಅಲ್ಲಿ ಬೇರೆ ತರಹ ಇದೆ, ಅದಕ್ಕೆ ನೀವೇ ಹೊಂದಿಕೊಳ್ಳಬೇಕು. ಸಣ್ಣ ಅಂಗಡಿಗಳು ಮಧ್ಯಾಹ್ನ ಎರಡು, ಎರಡೂವರೆಗೆ ಬಾಗಿಲು ಹಾಕುತ್ತವೆ. ಸಂಜೆ ಮತ್ತೆ ತೆಗೆಯುವುದು ಹೆಚ್ಚಾಗಿ ಮಂಗಳವಾರ, ಗುರುವಾರ, ಶುಕ್ರವಾರ ಮಾತ್ರ. ಭಾನುವಾರ ಎಲ್ಲಾ ಮುಚ್ಚಿರುತ್ತದೆ, ಹಾಗಾಗಿ ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ. ಮಧ್ಯಾಹ್ನ ಮೂರರಿಂದ ಐದೂವರೆ ಜನ ಮಲಗುವ ಹೊತ್ತು. ಆಗ ಯಾರ ಮನೆ ಬಾಗಿಲೂ ಬಡಿಯಬೇಡಿ, ಜೋರಾಗಿ ಫೋನಿನಲ್ಲಿ ಮಾತಾಡಬೇಡಿ. ನಾನು ಮೊದಲ ವಾರ ಈ ಹೊತ್ತಿನಲ್ಲೇ ನಡೆಯಲು ಹೊರಡುತ್ತಿದ್ದೆ, ಊರು ಖಾಲಿ ಕಂಡು ಬೇಜಾರಾಗುತ್ತಿತ್ತು. ಆಮೇಲೆ ಬೆಳಿಗ್ಗೆ ಎಂಟಕ್ಕೆ ಹೊರಟು, ಒಂದಕ್ಕೆ ಬಂದು ಊಟ ಮಾಡಿ ಮಲಗಿ, ಆರಕ್ಕೆ ಚೌಕಕ್ಕೆ ಹೋಗುವ ರೂಢಿ ಮಾಡಿಕೊಂಡೆ. ಆಗಲೇ ಜನರ ಪರಿಚಯ ಆಗಿದ್ದು.

ಇನ್ನೊಂದು ವಿಷಯ. ಅಲ್ಲಿ ‘ನೇ’ ಅಂದರೆ ಹೌದು, ‘ಓಹಿ’ ಅಂದರೆ ಇಲ್ಲ. ಬಾಯಿ ತೆರೆಯದೆ ಗದ್ದ ಸ್ವಲ್ಪ ಮೇಲೆತ್ತಿ ಹುಬ್ಬು ಏರಿಸಿದರೂ ಇಲ್ಲ ಅಂತಲೇ ಅರ್ಥ. ನಮ್ಮ ತಲೆ ಅಲ್ಲಾಡಿಸುವ ಹೌದು ಅವರಿಗೆ ಅರ್ಥವಾಗುವುದಿಲ್ಲ, ಬಾಯಿಬಿಟ್ಟು ಹೇಳಿ.

ಊಟದ ಚಿಂತೆ ಬೇಡ. ನೀವು ಹೋಗುವ ಸಮಯ ಸಸ್ಯಾಹಾರಿಗಳಿಗೆ ವರ್ಷದಲ್ಲೇ ಒಳ್ಳೆಯದು, ಯಾಕೆಂದರೆ ಈಸ್ಟರ್‌ಗೆ ಮುಂಚಿನ ಉಪವಾಸ ನಡೆಯುತ್ತಿರುತ್ತದೆ. ಆ ದಿನಗಳ ಅಡುಗೆಗೆ ‘ನಿಸ್ತೀಸಿಮಾ’ ಅನ್ನುತ್ತಾರೆ. ಮಾಂಸ, ಮೊಟ್ಟೆ, ಹಾಲು ಯಾವುದೂ ಇರಲ್ಲ. ಆದರೆ ಹುಷಾರು, ಸಿಗಡಿ, ಆಕ್ಟೋಪಸ್ ಉಪವಾಸಕ್ಕೆ ನಡೆಯುತ್ತದೆ! ಹಾಗಾಗಿ ನಿಸ್ತೀಸಿಮಾ ಅಂದ ತಕ್ಷಣ ನಂಬಬೇಡಿ, ‘ಇಮೆ ಹೋರ್ತೋಫಾಗೋಸ್’, ನಾನು ಸಸ್ಯಾಹಾರಿ, ಅಂತ ಹೇಳಿ ಕೇಳಿಕೊಳ್ಳಿ. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ ಈರುಳ್ಳಿ, ಎಣ್ಣೆ ಹಾಕಿದ ಫಾವಾ, ದೊಡ್ಡ ಬಿಳಿ ಬೀನ್ಸ್ ಕಾಳಿನ ಗೀಗಾಂತೆಸ್, ಪಾಲಕ್ ಅನ್ನದ ಸ್ಪನಕೋರಿಝೋ, ಇವು ಎಲ್ಲಾ ಕಡೆ ಸಿಗುತ್ತವೆ. ನಾಕ್ಸೋಸ್‌ನ ಆಲೂಗಡ್ಡೆ ಗ್ರೀಸ್‌ನಲ್ಲೆಲ್ಲ ಹೆಸರುವಾಸಿ, ಸುಮ್ನೆ ಬೇಯಿಸಿ ಉಪ್ಪು ಹಾಕಿದರೂ ರುಚಿ. ಸಾರಿನ ಪುಡಿ, ಹುಣಸೆಹಣ್ಣು, ಇಂಗು ತೆಗೆದುಕೊಂಡು ಹೋಗಿ. ತುಪ್ಪ, ಪೇಡ, ಹಸಿ ಕರಿಬೇವು ಬೇಡ. ಹಾಲಿನ ಪದಾರ್ಥವನ್ನೂ ಹಸಿ ಸೊಪ್ಪನ್ನೂ ಯುರೋಪ್ ಒಳಗೆ ತರಲು ಬಿಡುವುದಿಲ್ಲ.

ಸೊಪ್ಪಿನ ವಿಷಯ ಹೇಳಲೇಬೇಕು. ನಮ್ಮ ಕೋಲಾರದ ಕಡೆ ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಕೀಳುತ್ತಾರಲ್ಲ, ಅದನ್ನೇ ಅಲ್ಲಿ ‘ಹೋರ್ತಾ’ ಅನ್ನುತ್ತಾರೆ. ನಮ್ಮ ಪಕ್ಕದ ಮನೆಯ ಅಜ್ಜಿ, ಅಲ್ಲಿ ಯಾಯಾ ಅನ್ನುತ್ತಾರೆ, ಒಂದು ಬೆಳಿಗ್ಗೆ ಕೈಯಲ್ಲಿ ಸಣ್ಣ ಚಾಕು, ಪ್ಲಾಸ್ಟಿಕ್ ಚೀಲ ಹಿಡಿದು ಆಲಿವ್ ತೋಟದ ಕಡೆ ಹೊರಟಿದ್ದರು. ನಾನೂ ಹಿಂದೆ ಹೋದೆ. ಗಿಡವನ್ನು ಕಿತ್ತೆಳೆಯುವುದಿಲ್ಲ. ಚಾಕುವಿನ ತುದಿಯನ್ನು ನೆಲಕ್ಕೆ ಓರೆಯಾಗಿ ತೂರಿಸಿ, ಬೇರಿನ ತಲೆಯ ಹತ್ತಿರ ಒಂದೇ ಸಲ ಕತ್ತರಿಸಿ, ಎಲೆಗಳು ಬಿಡಿಯಾಗದ ಹಾಗೆ ಇಡೀ ಹೂವಿನಂತೆ ಎತ್ತಿ, ಮೊಣಕೈಗೆ ಎರಡು ಸಲ ಬಡಿದು ಮಣ್ಣು ಉದುರಿಸುತ್ತಾರೆ. ಹೂವು ಬಿಟ್ಟದ್ದನ್ನು ಮುಟ್ಟಲ್ಲ, ಕಹಿ. ಮನೆಗೆ ಬಂದು ನಾಲ್ಕು ನೀರಿನಲ್ಲಿ ತೊಳೆದು, ಬೇಯಿಸಿ, ಆಲಿವ್ ಎಣ್ಣೆ, ನಿಂಬೆರಸ ಹಿಂಡಿದರು. ನಾನು ಅದಕ್ಕೇ ಬೇಳೆ, ಹಸಿಮೆಣಸಿನಕಾಯಿ ಹಾಕಿ ಮಸೊಪ್ಪು ಮಾಡಿ ಒಂದು ಬಟ್ಟಲು ಕೊಟ್ಟು ಬಂದೆ. ಮಾರನೆಯ ದಿನ ಬಟ್ಟಲು ಬರೀ ಬರಲಿಲ್ಲ, ಅದರ ತುಂಬ ಮಾದಲ ಹಣ್ಣಿನ ಸಿಪ್ಪೆಯ ಸಿಹಿ ಇತ್ತು. ಹಾಲ್ಕಿಯಲ್ಲಿ ಮಾದಲದ ಎಲೆಯಿಂದ ಕಿತ್ರೋ ಅನ್ನುವ ಮದ್ಯ ಮಾಡುವ ಭಟ್ಟಿ 1896ರಿಂದ ಇದೆ, ಹಣ್ಣಿನ ಸಿಪ್ಪೆ ಮನೆಮನೆಯಲ್ಲಿ ಸಕ್ಕರೆ ಪಾಕಕ್ಕೆ ಹೋಗುತ್ತದೆ. ಮನೆಗೆ ಬಂದವರಿಗೆ ಒಂದು ಚಮಚ ಆ ಸಿಹಿ, ಒಂದು ಲೋಟ ತಣ್ಣೀರು. ನಮ್ಮಲ್ಲಿ ಬೆಲ್ಲ ನೀರು ಕೊಡುವ ಹಾಗೇ ಅಲ್ವಾ?

ಈಗ ದಾರಿಗಳು. ಹಾಲ್ಕಿಯಿಂದ ಆಲಿವ್ ತೋಟದ ನಡುವೆ ಅರ್ಧ ಗಂಟೆಯೊಳಗೆ ಆಯೋಸ್ ಯೋರ್ಗಿಯೋಸ್ ದಿಯಾಸೋರೀತಿಸ್ ಅನ್ನುವ 11ನೇ ಶತಮಾನದ ಪುಟ್ಟ ಚರ್ಚು ಸಿಗುತ್ತದೆ. ಇದು ಅಮ್ಮನಿಗೂ ಸುಲಭ. ಅಲ್ಲಿಂದ ಮುಂದೆ ಮೋನಿ ಊರಿನ ಕಡೆ ಏರಿದರೆ ಪನಾಯಿಯಾ ದ್ರೋಸಿಯಾನಿ, ಅದು ಇನ್ನೂ ಹಳೆಯದು, ಗೋಡೆಯ ಚಿತ್ರಗಳಲ್ಲಿ ಕೆಲವು 7ನೇ ಶತಮಾನದವು. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಸುಮ್ಮನೆ ನಿಲ್ಲಿ, ಆಮೇಲೆ ಒಂದೊಂದಾಗಿ ಮುಖಗಳು ಕಾಣುತ್ತವೆ. ನಡೆಯುವ ದಾರಿ ಬಹಳಷ್ಟು ಕಡೆ ‘ಕಲ್ದೆರೀಮಿ’, ಅಂದರೆ ಹಿಂದೆ ಹೇಸರಗತ್ತೆಗಳು ಓಡಾಡುತ್ತಿದ್ದ ಕಲ್ಲು ಹಾಸಿನ ದಾರಿ. ಎರಡೂ ಬದಿಗೆ ಗಾರೆ ಇಲ್ಲದೆ ಜೋಡಿಸಿದ ಕಲ್ಲಿನ ಗೋಡೆ. ಅಲ್ಲಲ್ಲಿ ಗುಡ್ಡದ ಮೇಲೆ ದುಂಡಗೆ ಕಲ್ಲು ಹಾಸಿದ ಜಾಗ ಕಾಣುತ್ತದೆ. ಅದು ಕಣ, ನಮ್ಮದೇ ಒಕ್ಕಣೆಯ ಕಣ. ಗಾಳಿ ಚೆನ್ನಾಗಿ ಬೀಸುವ ಜಾಗ ನೋಡಿಯೇ ಮಾಡಿದ್ದಾರೆ.

ದಾರಿಯಲ್ಲಿ ಗೇಟುಗಳು ಸಿಗುತ್ತವೆ. ಗೇಟು ಅಂದರೆ ಹಳೇ ಮಂಚದ ಕಬ್ಬಿಣದ ಚೌಕಟ್ಟು, ಅದಕ್ಕೆ ತಂತಿಬಲೆ, ತುದಿಗೆ ನೀಲಿ ಹಗ್ಗ. ನೀವು ಬಂದಾಗ ಮುಚ್ಚಿದ್ದರೆ ದಾಟಿದ ಮೇಲೆ ಮುಚ್ಚಿ, ಹಗ್ಗ ಹೇಗೆ ಸುತ್ತಿತ್ತೋ ಹಾಗೇ ಸುತ್ತಿ. ನಾನೊಮ್ಮೆ ಸರಿಯಾಗಿ ಕಟ್ಟದೆ ಹೋಗಿ ಏಳೆಂಟು ಮೇಕೆ ಕೆಳಗಿನ ದ್ರಾಕ್ಷಿ ತೋಟಕ್ಕೆ ನುಗ್ಗಿದವು. ಚಿಗುರಿನ ಕಾಲ. ಕುರುಬರು ನನ್ನ ಮೇಲೆ ಕೂಗಾಡಿದರು, ಅವರ ಕೂಗಾಟ ನ್ಯಾಯವೇ ಆಗಿತ್ತು. ಒಂದು ಗಂಟೆ ಅವರ ಜೊತೆ ಮೇಕೆ ಅಟ್ಟಿದೆ. ಇದು ನಮ್ಮ ಊರಿನ ಹೊಲದಲ್ಲಿ ಆಗಿದ್ದರೆ ಹೇಗಿರುತ್ತಿತ್ತು ಅಂತ ಈಗಲೂ ನೆನೆಯುತ್ತೇನೆ.

ಪ್ಯಾಂಟು ಉದ್ದದ್ದೇ ಹಾಕಿ, ಮುಳ್ಳುಪೊದೆ ಕಾಲು ಗೀರುತ್ತದೆ. ನೆರಳು ಕಡಿಮೆ, ನೀರು ಜಾಸ್ತಿ ಇಟ್ಟುಕೊಳ್ಳಿ. ಝಾಸ್ ಬೆಟ್ಟ 1,000 ಮೀಟರ್ ದಾಟುತ್ತದೆ. ಆಯಾ ಮರೀನಾ ಚರ್ಚಿನ ಕಡೆಯಿಂದ ಹತ್ತುವುದು ಸಲೀಸು, ಆದರೆ ಮೋಡ ಕವಿದ ದಿನ, ಗಾಳಿಯ ದಿನ ಬೇಡ.

ಹೋರಾದಲ್ಲಿ ಇದ್ದವರು:

ಮೇಲಿನವರು ಹಳ್ಳಿಯ ಬಗ್ಗೆ ಚೆನ್ನಾಗಿ ಹೇಳಿದ್ದಾರೆ, ನಾನು ಬಂದರಿನ ಊರು ಹೋರಾದ ಮಾತು ಸೇರಿಸುತ್ತೇನೆ. ನಾವು ನೆದರ್ಲೆಂಡ್ಸ್‌ನಿಂದ ಹೋಗಿ ಒಂದು ಇಡೀ ಚಳಿಗಾಲ ಇದ್ದೆವು. ಅಥೆನ್ಸ್ ಪಕ್ಕದ ಬಂದರು ಪಿರೇಯಸ್‌ನಿಂದ ದೊಡ್ಡ ಹಡಗಿನಲ್ಲಿ ಐದು, ಐದೂವರೆ ಗಂಟೆ. ಗಾಳಿ ಜೋರಾದರೆ ಹಡಗು ಹೊರಡಲು ಬಿಡುವುದಿಲ್ಲ, ಅದಕ್ಕೆ ‘ಅಪಗೊರೆಫ್ತಿಕೋ’ ಅನ್ನುತ್ತಾರೆ. ಎರಡು ದಿನ ಹಡಗಿಲ್ಲ ಅಂದರೆ ಅಂಗಡಿಯಲ್ಲಿ ಹಾಲು, ತರಕಾರಿ ಖಾಲಿಯಾಗಲು ಶುರುವಾಗುತ್ತದೆ. ವಾಪಸ್ ವಿಮಾನ ಇರುವ ದಿನಕ್ಕೆ ಎರಡು ದಿನ ಮುಂಚೆಯೇ ಅಥೆನ್ಸ್ ಸೇರಿಕೊಳ್ಳಿ, ಇದು ನಮಗೆ ಟಿಕೆಟ್ ಕಳೆದುಕೊಂಡ ಮೇಲೆ ಬಂದ ಬುದ್ಧಿ.

ವೀಸಾ ಲೆಕ್ಕ ಸರಿಯಾಗಿ ನೋಡಿ. ಷೆಂಗೆನ್‌ನಲ್ಲಿ, ಅಂದರೆ ಒಂದೇ ವೀಸಾ ನಡೆಯುವ ಯುರೋಪ್ ದೇಶಗಳ ಗುಂಪಿನಲ್ಲಿ, ಯಾವುದೇ 180 ದಿನದಲ್ಲಿ 90 ದಿನ ಮಾತ್ರ, ಆ ಗುಂಪಿನ ಬೇರೆ ದೇಶದಲ್ಲಿ ಕಳೆದ ದಿನವೂ ಅದರಲ್ಲೇ ಸೇರುತ್ತದೆ. ಹೋರಾದಲ್ಲಿ ಆಸ್ಪತ್ರೆ ಇದೆ, ದೊಡ್ಡ ತೊಂದರೆ ಆದರೆ ಬೇರೆ ಕಡೆ ಕಳಿಸುತ್ತಾರೆ. ಅಮ್ಮನ ಮಾತ್ರೆಗಳನ್ನು ಪೂರ್ತಿ ದಿನಕ್ಕೆ ಆಗುವಷ್ಟು, ಡಾಕ್ಟರ ಚೀಟಿಯ ಜೊತೆ ತನ್ನಿ. ತುರ್ತಿಗೆ 112.

ನಡೆಯುವುದಕ್ಕೆ ನಮ್ಮ ಸಂಜೆಯ ದಾರಿ ಯಾವಾಗಲೂ ಪೋರ್ತಾರಾ. ಕ್ರಿ.ಪೂ. 530ರ ಸುಮಾರಿಗೆ ಶುರುವಾಗಿ ಮುಗಿಯದೇ ಉಳಿದ ದೇವಸ್ಥಾನದ ಅಮೃತಶಿಲೆಯ ಬಾಗಿಲು. ದಿನಾ ಹೋದರೂ ಬೇಜಾರಾಗಲಿಲ್ಲ. ಉತ್ತರದ ಗಾಳಿ ಇದ್ದಾಗ ಅಲ್ಲಿಗೆ ಹೋಗುವ ಕಟ್ಟೆಯ ಮೇಲೆ ಅಲೆ ಹಾರಿ ಬೀಳುತ್ತದೆ, ಅವತ್ತು ಅಮ್ಮನನ್ನು ಕರೆದುಕೊಂಡು ಹೋಗಬೇಡಿ.

ಕೇಳಿದವರು:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮ ಓದಿ ಬೆರಕೆ ಸೊಪ್ಪಿನ ಜಾಗಕ್ಕೆ ಬಂದು ಇನ್ನೊಮ್ಮೆ ಓದು ಅಂದರು. ಅವರಿಗೆ ಸ್ವಲ್ಪ ಮಂಡಿ ನೋವಿದೆ. ಹಾಗಾದರೆ ಹೋರಾನಾ, ಹಾಲ್ಕಿನಾ?

ಹಾಲ್ಕಿಯಲ್ಲಿ ಇದ್ದವರು:

ಮೊದಲ ಮೂರು ವಾರ ಹೋರಾ, ಚಳಿ ಇಳಿದ ಮೇಲೆ ಹಾಲ್ಕಿ ಅಥವಾ ಪಕ್ಕದ ಫಿಲೋತಿ. ಹೋರಾದಲ್ಲಿ ಕೋಟೆಯ ಒಳಗೆ ಮನೆ ಮಾಡಬೇಡಿ, ಬರೀ ಮೆಟ್ಟಿಲು. ಸಮುದ್ರದ ಪಕ್ಕ ಆಯೋಸ್ ಯೋರ್ಗಿಯೋಸ್ ಬೀಚಿನ ಕಡೆ (ಮೇಲೆ ಹೇಳಿದ ಚರ್ಚಲ್ಲ, ಹೆಸರು ಒಂದೇ) ನೆಲ ಸಮತಟ್ಟು. ಅಪೀರಾಂಥೋಸ್‌ಗೆ ಹೋದರೆ ಮಳೆ ಇಲ್ಲದ ದಿನ ಹೋಗಿ, ಅಲ್ಲಿನ ಬೀದಿಗಳಿಗೆ ಅಮೃತಶಿಲೆ ಹಾಸಿದ್ದಾರೆ, ಒದ್ದೆಯಾದರೆ ಜಾರುತ್ತದೆ. ಬಸ್ ಕಡಿಮೆ, ವಾಪಸ್ ಬರುವ ಬಸ್ಸಿನ ಹೊತ್ತು ಹತ್ತುವಾಗಲೇ ಕೇಳಿಕೊಳ್ಳಿ.

ಈಸ್ಟರ್ ಮಾತ್ರ ಹಳ್ಳಿಯಲ್ಲೇ ಇರಿ. ಶನಿವಾರ ಮಧ್ಯರಾತ್ರಿ ಚರ್ಚಿನ ದೀಪ ಆರಿಸುತ್ತಾರೆ, ಆಮೇಲೆ ಒಳಗಿನಿಂದ ಒಂದು ಜ್ಯೋತಿ ಬರುತ್ತದೆ, ಒಬ್ಬರಿಂದೊಬ್ಬರು ಮೇಣದಬತ್ತಿ ಹಚ್ಚಿಕೊಂಡು, ಗಾಳಿಗೆ ಆರದ ಹಾಗೆ ಅಂಗೈ ಅಡ್ಡ ಹಿಡಿದು ಮನೆವರೆಗೆ ತರುತ್ತಾರೆ. ಬಾಗಿಲ ಮೇಲಿನ ತೊಲೆಗೆ ಅದರ ಹೊಗೆಯಿಂದ ಶಿಲುಬೆಯ ಗುರುತು ಹಾಕುತ್ತಾರೆ. ಯಾಯಾ ನಮ್ಮ ಬಾಡಿಗೆ ಮನೆಯ ಬಾಗಿಲಿಗೂ ಹಾಕಿದರು.

ಟಿಕೆಟ್ ಆದ ಮೇಲೆ ನನಗೊಂದು ಮಾತು ತಿಳಿಸಿ. ನನ್ನ ಚಹಾದ ಏಲಕ್ಕಿ ಯಾಯಾಗೆ ತುಂಬಾ ಹಿಡಿಸಿತ್ತು. ಅವರಿಗೆ ಒಂದು ಪೊಟ್ಟಣ ಕಳಿಸುವುದಿದೆ.