ಗದ್ದೆ ಮೇಲೆ ಎನರ್ಜಿ ಲೆಕ್ಕ ಕೂಡ್ತಾನೇ ಇಲ್ಲ, ಸೆನ್ಸರ್ ಕೆಟ್ಟಿದೆಯಾ?

ಸಿಂಧನೂರು ಕಡೆ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಬೇಸಿಗೆ ಭತ್ತದ ಗದ್ದೇಲಿ ಎಡ್ಡಿ ಕೋವೇರಿಯನ್ಸ್ ಟವರ್ (ಗಾಳಿಯ ಸುಳಿಗಳು ಹೊತ್ತೊಯ್ಯೋ ಶಾಖ, ನೀರಾವಿ ಅಳೆಯೋದು) ಹಾಕಿದೀವಿ, ಬೆಳಿಗ್ಗೆ ಸೆನ್ಸಿಬಲ್ಲು (ಗಾಳಿ ಬಿಸಿ ಮಾಡೋ ಶಾಖ) ಲೇಟೆಂಟು (ನೀರು ಆವಿಯಾಗೋಕೆ ಹೋಗೋ ಶಾಖ) ಎರಡೂ ಕೂಡಿಸಿದ್ರೂ ನೆಟ್ ರೇಡಿಯೇಶನ್ನಿಗಿಂತ (ಬಂದು ಹೋದ ಕಿರಣ ಕಳೆದು ಗದ್ದೆಗೆ ಉಳಿಯೋ ಶಕ್ತಿ) ಕಮ್ಮಿ ಬೀಳುತ್ತೆ, ಮಧ್ಯಾಹ್ನ ಮೂರು ಗಂಟೆ ಮೇಲೆ ಸೆನ್ಸಿಬಲ್ ಹೀಟ್ ಮೈನಸ್, ಲೇಟೆಂಟ್ ನೆಟ್ ರೇಡಿಯೇಶನ್ನನ್ನೇ ದಾಟುತ್ತೆ!

ಉತ್ತರ 1: ಕೆಟ್ಟಿಲ್ಲ ಮಾರಾಯ್ರೆ. ಸುತ್ತಲಿನ ಒಣ ಎರೆಹೊಲದಿಂದ ಬರೋ ಬಿಸಿಗಾಳಿ ಗದ್ದೆಗೆ ಶಾಖ ಕೊಡುತ್ತೆ, ಅದೂ ಸೇರಿ ನೀರು ಆವಿಯಾಗುತ್ತೆ, ಓಯಸಿಸ್ ಎಫೆಕ್ಟ್. 2021ರಲ್ಲಿ ಸ್ಪೇನಿನ ಎಬ್ರೋ ಕಣಿವೇಲಿ ಲಯೇಸ್ (LIAISE) ಅನ್ನೋ ಸಂಶೋಧನಾ ಅಭಿಯಾನದಲ್ಲಿ ನೀರಾವರಿ ಹೊಲ, ಒಣ ಹೊಲ ಎರಡರಲ್ಲೂ ಇದೇ ಶಾಖದ ಲೆಕ್ಕ ಅಳೆದ್ರಲ್ಲ.

ಉತ್ತರ 2: ಬೆಳಿಗ್ಗೆದು ನಿಂತ ನೀರಿನ ಕಿತಾಪತಿ ಇರ್ಬೇಕು. 5 ಸೆಂ.ಮೀ ನೀರು ಗಂಟೆಗೆ 1 ಡಿಗ್ರಿ ಕಾದ್ರೂ ಚದರ ಮೀಟರಿಗೆ 58 ವ್ಯಾಟ್ ನೀರು ಕಾಯಿಸೋಕೇ ಹೋಯ್ತು.

ಕೇಳಿದವರು: ಅಯ್ಯೋ, ಅದನ್ನ ಬಿಟ್ಟೇಬಿಟ್ಟಿದ್ದೆ! ನಾಳೆ ನೀರಿಗೆ ಥರ್ಮೋಕಪಲ್ (ಉಷ್ಣಾಂಶ ಅಳೆಯೋ ತಂತಿ) ಇಳಿಸ್ತೀನಿ, ಏಡಿ ವೈರ್ ಕಡೀದಿದ್ರೆ ಸಾಕು.